ಅಜ್ಜಿ ಹೇಳದೆ ಬಿಟ್ಟ ಹೆಸರು

ಫ್ರೆಂಡ್ಸ್, ಇದು ಮನಸ್ಸು ಭಾರ ಮಾಡುವ ಕಥೆ... ಹೂವಿನ ಗುಡ್ ಮಾರ್ನಿಂಗ್ ಫೋಟೋ ಬದಲು ಇವತ್ತು ಇದನ್ನು ಕಳಿಸುತ್ತಿದ್ದೇನೆ. ಪುರುಸೊತ್ತು ಮಾಡಿಕೊಂಡು ಓದಿ.

ನಾನು ಕೆಲಸ ಮಾಡುವುದು ಮೈಸೂರಿನ ಒಂದು ಕಣ್ಣಾಸ್ಪತ್ರೆಯ ಸಂಶೋಧನಾ ವಿಭಾಗದಲ್ಲಿ.

ರೆಟಿನಾ ಅಂದರೆ ಕಣ್ಣಿನ ಹಿಂಭಾಗದ ತೆಳು ಪರದೆ. ಕೆಲವು ಮನೆತನಗಳಲ್ಲಿ ಅದು ಚಿಕ್ಕ ವಯಸ್ಸಿನಿಂದಲೇ ಸ್ವಲ್ಪ ಸ್ವಲ್ಪವಾಗಿ ಸಾಯುತ್ತಾ ಬರುತ್ತದೆ... ಯಾಕೆ ಹೀಗೆ, ತಡೆಯುವುದು ಹೇಗೆ ಅಂತ ನಮ್ಮ ಡಾಕ್ಟರುಗಳು ಹುಡುಕುತ್ತಿದ್ದಾರೆ.

ನನ್ನ ಕೆಲಸ ರೋಗಿಗಳ ವಂಶವೃಕ್ಷ ಬರೆಯುವುದು. ಯಾರು ಯಾರನ್ನು ಮದುವೆಯಾದರು, ಯಾರಿಗೆ ಕಣ್ಣು ಮಂಜಾಯಿತು, ಯಾರು ಯಾವಾಗ ತೀರಿಕೊಂಡರು... ಹೆಸರಿಗೆ ಸಂಶೋಧನೆ, ಮಾಡುವುದು ಮಾತ್ರ ಹೆಣ್ಣು ನೋಡಲು ಬಂದವರ ಹಾಗೆ ಸಂಬಂಧ ಕೆದಕುವ ಕೆಲಸ!

ಒಂದು ಹೆಸರು ಬಿಟ್ಟುಹೋದರೂ ದೋಷ ಯಾವ ಜೀನ್‌ನಲ್ಲಿದೆ ಅಂತ ಹಿಡಿಯುವುದು ಕಷ್ಟ. ಆದರೂ ಜನ ಮುಚ್ಚಿಡುತ್ತಾರೆ. ಮನೆಯಲ್ಲಿ ಕಾಯಿಲೆ ಇದೆ ಅಂತ ಗೊತ್ತಾದರೆ ಹೆಣ್ಣುಮಕ್ಕಳ ಮದುವೆಗೆ ತೊಡಕು ತಾನೇ?

ಆ ದಿನ ಮಂಡ್ಯದ ಕಡೆಯಿಂದ ಜವರಮ್ಮ ಅಂತ ಒಬ್ಬ ಅಜ್ಜಿ ಬಂದಿದ್ದರು. ಜೊತೆಗೆ ಅವರ ಮಗಳ ಮಗಳು ಇಂಚರ, ಪಿಯುಸಿ ಓದುವ ಹುಡುಗಿ. ತಾಯಿಗೆ ಗಾರ್ಮೆಂಟ್ಸ್‌ನಲ್ಲಿ ರಜೆ ಸಿಕ್ಕಿರಲಿಲ್ಲ.

ಇಂಚರಳಿಗೆ ಇರುವುದು ಅದೇ ಕಾಯಿಲೆ ಅಂತ ಡಾಕ್ಟರು ಅಷ್ಟರಲ್ಲೇ ಹೇಳಿಯಾಗಿತ್ತು.

"ಅಜ್ಜಿ, ನಿಮ್ಮ ಮದುವೆ ಸಂಬಂಧದಲ್ಲೇನಾ?"

"ಊ ಕನವ್ವ, ಸೋದರಮಾವನ್ನೇ ಕಟ್ಕಂಡಿದ್ದು. ಮಗಳ್ನೂ ನೆಂಟ್ರಿಗೇ ಕೊಟ್ಟೋ."

"ನಿಮಗೆ ಮಕ್ಕಳೆಷ್ಟು?"

"ಒಬ್ಳೇ ಮಗ್ಳು." ಅಜ್ಜಿ ಮುಖ ಆ ಕಡೆ ತಿರುಗಿಸಿದರು.

ಮೂರು ಸಲ ಕೇಳಿದೆ... ಮೂರು ಸಲವೂ ಅದೇ ಉತ್ತರ. ಇವರೂ ಏನೋ ಮುಚ್ಚಿಡುತ್ತಿದ್ದಾರೆ ಅಂತ ನನಗೆ ಸಿಟ್ಟೇ ಬಂತು.

ಅವರನ್ನು ಬಿಟ್ಟು, ತೊಂದರೆ ಶುರುವಾಗಿದ್ದು ಹೇಗೆ ಅಂತ ಇಂಚರಳನ್ನು ಕೇಳಿದೆ.

"ಹಗಲೊತ್ತು ಏನೂ ಇಲ್ಲ ಅಕ್ಕ. ಸಂಜೆ ಆದ್ರೆ ಗೋಡೆ ಹಿಡ್ಕೊಂಡು ನಡೀತೀನಿ. ಮೊನ್ನೆ ಅಪ್ಪ ಊಟಕ್ಕೆ ಕೂತಿದ್ರು, ತಟ್ಟೆನೇ ತುಳಿದ್ಬಿಟ್ಟೆ..."

"ಸುಮಾರು ಜನಕ್ಕೆ ಹೀಗೇ ಶುರುವಾಗೋದು," ನಾನು ಬರೆದುಕೊಳ್ಳುತ್ತಾ ಹೇಳಿದೆ. "ಕತ್ತಲಾದ್ರೆ ತಡವರಿಸ್ತಾರೆ, ಪಾತ್ರೆ ಪಗಡ ಒದೀತಾರೆ. ನೋಡಿದವರು ತಪ್ಪು ತಿಳ್ಕೊಳ್ತಾರೆ."

ಅಜ್ಜಿ ಥಟ್ಟನೆ ನನ್ನ ಕಡೆ ತಿರುಗಿದರು.

"ಕುಡ್ದೋರಂಗೆ ಕಾಣ್ತಾರಾ ಕನವ್ವ?"

"ಹೌದು ಅಜ್ಜಿ... ಯಾಕೆ?"

ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ನಂಗೊಬ್ಬ ಮಗ ಇದ್ದ... ಮರಿಸ್ವಾಮಿ ಅಂತ."

ಮರಿಸ್ವಾಮಿ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ. ಬೆಳಗ್ಗೆ ನೆಟ್ಟಗೆ ನಡೆದು ಹೋದವನು ಸಂಜೆ ತೂರಾಡುತ್ತಾ ಬರುತ್ತಿದ್ದ. ಊರಿನವರು ಕುಡುಕ ಅಂದರು. ಅಪ್ಪ ಹೊಡೆದ. ಗೊತ್ತಾಗಿದ್ದ ಮದುವೆ ಮುರಿದುಬಿತ್ತು.

"ಕುಡ್ದಿಲ್ಲ ಕನವ್ವ, ಕತ್ಲಲ್ಲಿ ಕಣ್ಣು ಕಾಣಾಕಿಲ್ಲ" ಅಂತ ಅವನು ತಾಯಿಗೆ ಎಷ್ಟೋ ಸಲ ಹೇಳಿದ್ದನಂತೆ. ಕತ್ತಲಲ್ಲಿ ಯಾರಿಗೆ ಕಾಣುತ್ತೆ ಅಂತ ಎಲ್ಲರೂ ನಕ್ಕರು...

ಒಂದು ಸಂಜೆ ಹೊಸ್ತಿಲು ಎಡವಿ ನೀರಿನ ಕೊಡ ಉರುಳಿಸಿದ. ಜವರಮ್ಮನಿಗೆ ರೇಗಿಹೋಯಿತು. "ಕುಡ್ದಿದ್ದು ಇಳಿದ್ಮೇಲೆ ಬಾ ಹೋಗು" ಅಂತ ಅವನನ್ನು ಹೊರಗೆ ತಳ್ಳಿ ಬಾಗಿಲು ಹಾಕಿಕೊಂಡರು.

ಅವನು ಗಿರಣಿಯಲ್ಲೇ ಮಲಗೋಣ ಅಂತ ವಾಪಸ್ ಹೊರಟ. ದಾರಿಯಲ್ಲಿ ನಾಲೆ...

ಬೆಳಗ್ಗೆ ನೀರಲ್ಲಿ ಹೆಣ ಸಿಕ್ಕಿತು. ಕುಡಿದು ಬಿದ್ದು ಸತ್ತ ಅಂತ ಊರು ತೀರ್ಪು ಕೊಟ್ಟಿತು. ಆವತ್ತಿನಿಂದ ಅವಮಾನಕ್ಕೆ ಮನೆಯಲ್ಲಿ ಯಾರೂ ಅವನ ಹೆಸರು ಎತ್ತಲಿಲ್ಲ.

ತನಗೊಬ್ಬ ಸೋದರಮಾವ ಇದ್ದ ಅನ್ನುವುದು ಇಂಚರಳಿಗೆ ಗೊತ್ತಾಗಿದ್ದೇ ಆ ಹೊತ್ತು, ನನ್ನ ಟೇಬಲ್ ಮುಂದೆ. ಹುಡುಗಿ ಅಜ್ಜಿಯ ಕೈ ಹಿಡಿದು ಬಿಕ್ಕುತ್ತಿದ್ದಳು.

"ಬಾಯಿ ಮೂಸಿದ್ರೆ ಗೊತ್ತಾಯ್ತಿತ್ತು ಕನವ್ವ... ಹೆತ್ತೋಳು ನಾನು. ಒಂದಿನ, ಒಂದೇ ಒಂದಿನ ಅವ್ನ ಬಾಯಿ ಮೂಸಿ ನೋಡ್ನಿಲ್ವಲ್ಲ..."

ಸಿಟ್ಟು ಮಾಡಿಕೊಂಡಿದ್ದಕ್ಕೆ ನಾಚಿಕೆಯಾಯಿತು. ಮರಿಸ್ವಾಮಿಯ ಹೆಸರು ಬರೆದೆ.

ಅಜ್ಜಿ ತಾವಾಗಿಯೇ ತೋಳು ಚಾಚಿ ಪರೀಕ್ಷೆಗೆ ರಕ್ತ ಕೊಟ್ಟರು. ಇಬ್ಬರನ್ನೂ ಮತ್ತೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಮನೆಯಲ್ಲಿ ಇಬ್ಬರಿಗೆ ಇತ್ತು ಅಂತ ಗೊತ್ತಾಗಿದ್ದರಿಂದ ಹುಡುಕಾಟ ಸ್ವಲ್ಪ ಸುಲಭವಾಗುತ್ತದೆ ಅಂದರು ಡಾಕ್ಟರು.

"ಆದ್ರೆ ಔಷಧಿ ಬರೋಕೆ ಎಷ್ಟು ವರ್ಷ ಬೇಕೋ... ಅಲ್ಲೀತನಕ ಈ ಮಗು ಕಣ್ಣು ಉಳಿಯುತ್ತೆ ಅಂತ ಮಾತು ಕೊಡೋಕಾಗಲ್ಲ ಅಜ್ಜಿ."

ಅಜ್ಜಿ ತಲೆಯಾಡಿಸಿದರು. ಆಮೇಲೆ ಒಂದೇ ಒಂದು ಕೇಳಿದರು.

"ನನ್ ಮಗ ಕುಡುಕ ಅಲ್ಲ ಅಂತ ಒಂದ್ ಕಾಗ್ದ ಬರ್ಕೊಡಿ ಸ್ವಾಮಿ... ಆಸ್ಪತ್ರೆ ಸೀಲ್ ಹಾಕಿ."

ಡಾಕ್ಟರು ಕಣ್ಣಾರೆ ನೋಡದ ರೋಗಿಗೆ ಸರ್ಟಿಫಿಕೇಟ್ ಕೊಡುವ ಹಾಗಿಲ್ಲ. ಆದರೂ ಅವರು ಪೆನ್ನು ತೆಗೆದು, ಮರಿಸ್ವಾಮಿಗೂ ಇದೇ ಕಾಯಿಲೆ ಇದ್ದಿರುವ ಸಾಧ್ಯತೆ ಹೆಚ್ಚು, ಕತ್ತಲಲ್ಲಿ ಎಡವುತ್ತಿದ್ದುದು ಅದರಿಂದಲೇ ಇರಬಹುದು ಅಂತ ಕನ್ನಡದಲ್ಲಿ ಬರೆದರು. ಸೀಲು ಹಾಕಿದರು.

"ಯಾರಿಗೆ ತೋರಿಸ್ತೀರಾ ಅಜ್ಜಿ? ಊರಿನವರಿಗಾ?" ನಾನು ಕೇಳಿದೆ.

"ಊರೋರ್ನ ಕಟ್ಕಂಡು ಏನಾಗ್ಬೇಕು ಕನವ್ವ..."

ಕಾಗದವನ್ನು ಮಡಿಸಿ ಮೊಮ್ಮಗಳ ಕೈಗೆ ಕೊಟ್ಟರು.

"ಅವ್ನ ಸಮಾದಿ ತಾವ ಇವ್ಳ ಕೈಲಿ ಓದುಸ್ತೀನಿ... ಇವ್ಳಿಗೆ ಅಕ್ಸರ ಕಾಣ್ತಿರೋಗಂಟ, ವರ್ಸ ವರ್ಸನೂ ಓದುಸ್ತೀನಿ."

ಎಡವಿದವರನ್ನು ಬಯ್ಯುವ ಮೊದಲು, ಅವರಿಗೆ ದಾರಿ ಕಾಣುತ್ತಿದೆಯಾ ಅಂತ ಒಂದು ಮಾತು ಕೇಳಿ.

ನಿಮ್ಮ ಮನೆಯಲ್ಲೂ ಹೆಸರೆತ್ತದೆ ಬಿಟ್ಟವರು ಯಾರಾದರೂ ಇದ್ದಾರಾ...? ಅವರು ಹೇಳಲು ಬಂದಿದ್ದನ್ನು ನೀವು ಒಂದು ಸಲವಾದರೂ ಪೂರ್ತಿ ಕೇಳಿಸಿಕೊಂಡಿದ್ದೀರಾ?