ಕಾಲ್ಗುಣ

ಮದುವೆಗೆ ಮುಂಚೆ ಯೋಗೀಶ ಮಧುರಾಗೆ ಒಂದು ಮಾತು ಕೊಟ್ಟಿದ್ದ: "ನೀನು ಮನೆಯೊಳಗೆ ಬಂದ ತಕ್ಷಣ ನನ್ನ ಲ್ಯಾಪ್‌ಟಾಪ್ ಬಂದ್. ಆಮೇಲೆ ಆಫೀಸ್ ಹಾಳಾಗಿ ಹೋಗ್ಲಿ." ಹೊಸ ಗಂಡನ ಹುರುಪು. ಮುಚ್ಚಳ ಹಾಕಿದರೆ ಸಾಕು, ಯಂತ್ರ ಪೂರ್ತಿ ಆಫ್ ಆಗುವಂತೆ ಸೆಟಿಂಗ್ ಕೂಡ ಮಾಡಿಟ್ಟಿದ್ದ. ಮತ್ತೆ ತೆರೆಯುವ ಆಸೆಯೇ ಹುಟ್ಟಬಾರದು ನೋಡಿ. ಆಮೇಲೆ ಸಿಡ್ನಿ ಬಂತು, ಮಗಳು ಆದ್ಯಾ ಹುಟ್ಟಿದಳು, ಅಲ್ಲೇ ನೆಲೆಸಲು ಪಿಆರ್ ಬಂತು, ಲ್ಯಾಪ್‌ಟಾಪುಗಳು ಬದಲಾದವು. ಸೆಟಿಂಗ್ ಅಭ್ಯಾಸಬಲದಿಂದ ಉಳಿಯಿತು. ಮಾತು ಉಳಿಯಲಿಲ್ಲ.

"ಮತ್ತೆ ಹೋಯ್ತು!"

ಪರದೆ ಕಪ್ಪಾಗಿತ್ತು. ಬೆಂಗಳೂರು ಆಫೀಸಿನ ಅಷ್ಟೂ ಮುಖಗಳು ಒಮ್ಮೆಲೇ ಮಾಯ. ಅಲ್ಲಿನವರು ಮಧ್ಯಾಹ್ನದ ಊಟ ಮುಗಿಸಿ ಕೂರುವ ಹೊತ್ತಿಗೆ ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ ಸಂಜೆ. ಆ ಸಂಜೆಯ ಕಾಲ್ ನಡೆಸುವವನು ಯೋಗೀಶ. ಅದಕ್ಕೆ ಸಂಬಳ ಹೆಚ್ಚಿಲ್ಲ, ಗತ್ತು ಮಾತ್ರ. ಗುರುವಾರ ಕ್ಲೈಂಟ್ ಎದುರಿಗೂ ಹೀಗೆ ಮಾಯವಾದರೆ ಕಾಲ್ ಮೆಲ್ಬರ್ನ್‌ನ ಸಹೋದ್ಯೋಗಿ ಇಂದ್ರೇಶನ ಪಾಲು ಎಂದು ಮ್ಯಾನೇಜರ್ ಹೇಳಿಯಾಗಿತ್ತು. ಅಲ್ಲಿನ ಕ್ರಾನ್‌ಬರ್ನ್ ಬಡಾವಣೆಯ ಮನೆಯಲ್ಲಿ ಕೂತು ಇಂದ್ರೇಶ ಆಗಲೇ ಹೊಸ ಹೆಡ್‌ಸೆಟ್ ತರಿಸಿದ್ದನಂತೆ.

ಮಧುರಾ ಆಸ್ಪತ್ರೆಯಿಂದ ಆಗಷ್ಟೇ ಬಂದಿದ್ದಳು. ಬ್ಯಾಗು ಕುರ್ಚಿಗೆ, ಬೀಗದ ಕೈ ಬುಟ್ಟಿಗೆ, ನರ್ಸ್ ಅಂಗಿಯ ಮೇಲೆ ಪಿನ್ನಿಲ್ಲದೆ ನಿಲ್ಲುವ ಹೆಸರುಪಟ್ಟಿ ಅವನ ಎದುರಿಗೆ, ಕೈ ಅವನ ಹೆಗಲಿಗೆ. ಅವಳು ಮನೆ ಸೇರುವ ಕ್ರಮವೇ ಅದು.

"ಮೆಮೊರಿ ವೀಕ್ ಆಗಿರ್ಬೇಕು ಯೋಗಿ," ಎಂದಳು. "ಹಳೇದೆಲ್ಲ ಮರೆತುಹೋಗತ್ತೆ, ಪಾಪ."

"ಅದು ಆ ಥರದ ಮೆಮೊರಿ ಅಲ್ಲ ಕಣೇ!"

"ಹೌದಾ?" ಎಂದು ಹೆಸರುಪಟ್ಟಿ ಎತ್ತಿಕೊಂಡು ಬಟ್ಟೆ ಬದಲಿಸಲು ಹೋದಳು.

ಮೆಮೊರಿ ಬದಲಾಯಿತು. ಮತ್ತೆ ಹೋಯಿತು. ಬ್ಯಾಟರಿ ಬದಲಾಯಿತು. ಮತ್ತೆ ಹೋಯಿತು. ಫ್ಯಾನ್ ಬಿಚ್ಚಿದಾಗ ಆಯುಧಪೂಜೆಯ ಅಕ್ಷತೆಯ ಕಾಳೊಂದು ಸಿಕ್ಕಿತು. ಕಳ್ಳ ಸಿಕ್ಕಿಬಿದ್ದನೆಂದು ಯೋಗೀಶ ಮನೆಯವರಿಗೆಲ್ಲ ಪೀಟ್ಜಾ ತರಿಸಿದ. ಪೀಟ್ಜಾ ಬರುವಷ್ಟರಲ್ಲಿ ಪರದೆ ಕಪ್ಪಾಗಿತ್ತು.

ಮೇಲಿನ ಫ್ಲ್ಯಾಟಿನ ಮನೋಜ್ ಲ್ಯಾಪ್‌ಟಾಪ್ ರಿಪೇರಿ ಮಾಡುವವನು. ಒಂದು ದಿನ ತನ್ನ ಮನೆಯಲ್ಲೇ ಇಟ್ಟುಕೊಂಡು ಓಡಿಸಿದ. ಕುದುರೆಯ ಹಾಗೆ ಓಡಿತು.

"ಗುರು, ಲಾಗ್ ನೋಡಿದ್ರೆ ಇದು ಕ್ರ್ಯಾಶೇ ಅಲ್ಲ. ಯಾರೋ ನೀಟಾಗಿ ಮುಚ್ಚಿಟ್ಟ ಹಾಗಿದೆ."

"ಮುಚ್ಚೋದೆಲ್ಲಿ ಬಂತೋ? ನನ್ನ ಕಣ್ಣೆದುರಿಗೇ ಬಾಯ್ತೆರ್ಕೊಂಡು ಕೂತಿತ್ತು."

"ಹಾಗಾದ್ರೆ ಮದರ್‌ಬೋರ್ಡು."

ಮದರ್ ಎಂದದ್ದೇ ತಡ, ರಾಣೆಬೆನ್ನೂರಿನಿಂದ ಯೋಗೀಶನ ತಾಯಿ ಅನ್ನಪೂರ್ಣವ್ವನ ವಿಡಿಯೋ ಕಾಲ್ ಬಂತು. ಮಗನ ಸಪ್ಪೆ ಮುಖ ನೋಡಿ ಎಲ್ಲವನ್ನೂ ಕೇಳಿ ತಿಳಿದುಕೊಂಡಳು.

"ಯಾವಾಗ ಬಂದ್ ಆಕ್ಕೈತಪಾ ಅದು?"

"ಸಂಜೀ ಮುಂದವ್ವಾ. ಮಧುರಾ ಡ್ಯೂಟಿ ಮುಗಿಸಿ ಬಂದ ಕೂಡ್ಲೆ…" ಯೋಗೀಶ ತಡವರಿಸಿದ.

"ಅಕಿ ರಜಾ ಇದ್ದ ದಿನ?"

"ಏನೂ ಆಗಂಗಿಲ್ಲ."

"ನೋಡ್ ಮತ್ತ! ಇದಕ್ಕ ಕಾಲ್ಗುಣ ಅಂತಾರ. ಅಕಿ ಹೊಸ್ತಿಲದಾಗ ಕಾಲಿಟ್ಲಂದ್ರ ಅದು ಕಣ್ಣ ಮುಚ್ಚತೈತಿ!" ಅನ್ನಪೂರ್ಣವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಯೋಗೀಶನೂ ನಕ್ಕ. ಆದರೆ ಎಂಜಿನಿಯರ್ ಬುದ್ಧಿ ಸುಮ್ಮನಿರಲಿಲ್ಲ. ಅವಳು ಬರುತ್ತಾಳೆ, ಬಾಗಿಲು ಬಡಿಯುತ್ತದೆ, ಹಳೆಯ ಮರದ ನೆಲ ಅದುರುತ್ತದೆ, ಒಳಗೆಲ್ಲೋ ಲೂಸ್ ಕಾಂಟ್ಯಾಕ್ಟ್. ಅವ್ವ ಹೇಳಿದ್ದು ಅಕ್ಷರಶಃ ನಿಜ!

ಗುರುವಾರ ಬೆಳಿಗ್ಗೆ ಹೆಂಡತಿಯ ಮುಂದೆ ಕೈಮುಗಿದು ನಿಂತ. "ಇವತ್ತೊಂದಿನ, ಕಾಲ್ ಮುಗಿಯೋವರೆಗೂ ಮನೆಯೊಳಗೆ ಕಾಲಿಡ್ಬೇಡ, ಪ್ಲೀಸ್."

ಮಧುರಾ ಅವನನ್ನೇ ನೋಡಿದಳು. "ನಾನು ಒಳಗೆ ಬಂದ್ರೆ ನಿನ್ನ ಲ್ಯಾಪ್‌ಟಾಪ್ ಬಂದ್. ಎಲ್ಲೋ ಕೇಳಿದ ಹಾಗಿದೆ."

"ಅವ್ವ ಹೇಳಿರ್ತಾಳೆ. ನಗ್ಬೇಡ, ಸೀರಿಯಸ್ಸು."

"ಆಯ್ತಪ್ಪ. ಕಾಲಿಡಲ್ಲ."

ಸಂಜೆ ಯೋಗೀಶ ಮೇಜಿನ ಕಾಲುಗಳ ಕೆಳಗೆ ಯೋಗ ಮ್ಯಾಟ್ ತುರುಕಿದ. ಆದ್ಯಾಗೆ ಓಡಾಡಬೇಡ ಎಂದ. "ಅಪ್ಪಾ, ಯು ಆರ್ ಸೋ ವಿಯರ್ಡ್," ಎಂದು ಅವಳು ಸೋಫಾ ಹತ್ತಿ ಕೂತಳು. ನೆಲಮಹಡಿಯ ಮನೆ. ಮೇಜು ಹುಲ್ಲಿನಂಗಳದ ಕಡೆಯ ಜಾರುಬಾಗಿಲಿಗೆ ಒತ್ತಿಕೊಂಡಿತ್ತು. ಸೆಕೆಗೆ ಬಾಗಿಲು ತೆರೆದೇ ಇತ್ತು.

ಕಾಲ್ ಶುರುವಾಯಿತು. ಕ್ಲೈಂಟ್ ತಲೆದೂಗುತ್ತಿದ್ದ. ಇಂದ್ರೇಶನ ಮುಖ ಪರದೆಯ ಮೂಲೆಯಲ್ಲಿ ಬಾಡುತ್ತಿತ್ತು. ಯೋಗೀಶನ ದನಿಗೆ ಗತ್ತು ಏರಿತು.

ಹುಲ್ಲಿನ ಮೇಲೆ ಹೆಜ್ಜೆ ಸದ್ದಾಯಿತು. ಮಧುರಾ. ಜಾರುಬಾಗಿಲಿನ ಹೊರಗೇ ನಿಂತಳು. ಹೇಳಿದಂತೆ ಕಾಲು ಒಳಗಿಡಲಿಲ್ಲ.

ಕೈ ಮಾತ್ರ ಒಳಗೆ ಬಂತು. ಅಂಗಿಯ ಮೇಲಿಂದ ಕಿತ್ತ ಹೆಸರುಪಟ್ಟಿಯನ್ನು ಕೀಬೋರ್ಡಿನ ಬಲ ಅಂಚಿನಲ್ಲಿ, ದಿನಾ ಇಡುವ ಜಾಗದಲ್ಲೇ, ಟಕ್ ಎಂದು ಇಟ್ಟಿತು.

ಪರದೆ ಕಪ್ಪಾಯಿತು.

"ಅಯಸ್ಕಾಂತ," ಎಂದಳು ಮಧುರಾ. "ಇದು ಹತ್ರ ಬಂದ್ರೆ ಮುಚ್ಚಳ ಹಾಕಿದ್ರು ಅಂತ ಲ್ಯಾಪ್‌ಟಾಪ್ ಅಂದ್ಕೊಳ್ಳತ್ತೆ. ಲ್ಯಾಪ್‌ಟಾಪ್ ಮೇಲೆ ಇಡ್ಬೇಡಿ ಅಂತ ವಾರ್ಡಲ್ಲಿ ನಮಗೆ ಹೇಳ್ತಾನೇ ಇರ್ತಾರೆ. ಮುಚ್ಚಳ ಹಾಕಿದ್ರೆ ಪೂರ್ತಿ ಆಫ್ ಆಗ್ಬೇಕು ಅಂತ ಸೆಟ್ ಮಾಡಿದ್ದು ಯಾರು ಅಂತ ನೀನೇ ನೆನಪು ಮಾಡ್ಕೋ. ಅತ್ತೆಗೂ ಹೇಳ್ಬಿಡು, ಅದು ಕಾಲ್ಗುಣ ಅಲ್ಲ, ಕೈಗುಣ."

ಸಂಜೆಯ ಕಾಲ್ ಇಂದ್ರೇಶನಿಗೆ ಹೋಯಿತು.

ಮದುವೆಗೆ ಮುಂಚೆ ಯೋಗೀಶ ಕೊಟ್ಟ ಮಾತನ್ನು ಅವನ ಲ್ಯಾಪ್‌ಟಾಪ್ ಉಳಿಸಿತು.