ಹಗ್ಗವಿಲ್ಲದ ಬೀದಿ

ಭೂಮಿ ತನ್ನ ಹಿಡಿತ ಸಡಿಲಿಸಿ ಐವತ್ತು ವರ್ಷವಾಗಿತ್ತು. ಹಾರಿಹೋಗದಂತೆ ಎಲ್ಲರೂ ಸೊಂಟಕ್ಕೆ ಹಗ್ಗ ಕಟ್ಟಿಕೊಂಡೇ ಓಡಾಡುತ್ತಿದ್ದರು. ಅಂಬುಜಾಕ್ಷಿ ತನ್ನ ಮನರಂಜನಾ ಪಾರ್ಕಿನಲ್ಲಿ ಹಗ್ಗವಿಲ್ಲದ ಕಾಲದ ಪೇಟೆಬೀದಿಯೊಂದನ್ನು ಕಟ್ಟಿಸಿದ್ದಳು.

"ಮಕ್ಕಳು ಹಾರಿಹೋದ್ರೆ ಯಾರು ಹೊಣೆ? ಹಗ್ಗ ಹಾಕ್ಸಿ, ಇಲ್ಲಾಂದ್ರೆ ಬೀಗ ಜಡೀತೀನಿ," ಎಂದರು ನಿವೃತ್ತಿಯ ಅಂಚಿನಲ್ಲಿದ್ದ ಸುರಕ್ಷತಾ ಅಧಿಕಾರಿ ಚೆನ್ನಿಗಪ್ಪ.

"ಹಗ್ಗ ಕಂಡ್ರೆ ಅದು ಹಳೇ ಬೀದಿನೇ ಅಲ್ಲ ಸಾರ್. ಒಂದು ವಾರ ಕೊಡಿ, ಮಾಡಿ ತೋರಿಸ್ತೀನಿ."

ವಾರದ ನಂತರ ಬೀದಿಯಲ್ಲಿ ಸೀರೆಯುಟ್ಟ ಗೊಂಬೆ ಅಮ್ಮಂದಿರು ಕೈಚೀಲ ಹಿಡಿದು ಹಳಿಯ ಮೇಲೆ ಸಾಗುತ್ತಿದ್ದರು. ಅವರ ಸೆರಗಿನೊಳಗೆ ಉಕ್ಕಿನ ತಂತಿ ಹೊಲಿದಿತ್ತು. ತುದಿಯ ಕೊಕ್ಕೆಯನ್ನು ಮಕ್ಕಳ ಸೊಂಟಪಟ್ಟಿಗೆ ಸಿಕ್ಕಿಸಿದರಾಯಿತು. ಅಂಬುಜಾಕ್ಷಿ ತಾನೇ ನೂರು ಸಲ ನೆಗೆದು ಪರೀಕ್ಷಿಸಿದ್ದಳು.

ಚೆನ್ನಿಗಪ್ಪ ಸೆರಗನ್ನು ಜಗ್ಗಿ ನೋಡಿ ಸಹಿ ಹಾಕಿದರು. ಆದರೆ ಸೆರಗು ಬಿಡಲಿಲ್ಲ.

"ಇನ್ನೊಂದ್ ಸುತ್ತು ನೋಡ್ಬೇಕು ಮೇಡಂ," ಎಂದು, ಹಗ್ಗವಿಲ್ಲದ ಕಾಲದ ತಮ್ಮ ಬಾಲ್ಯದಲ್ಲಿ ನಡೆದಂತೆ, ಗೊಂಬೆ ಅಮ್ಮನ ಹಿಂದೆಯೇ ನಡೆದರು.