ಎಣ್ಣೆ ತೀರುವಷ್ಟು ದೂರ

ಚಾರ್ಜರ್ ಇರಲಿಲ್ಲ.

ನೀಲೇಶ ಸ್ಕೂಟರಿನ ಸೀಟು ಎತ್ತಿ ಮತ್ತೊಮ್ಮೆ ಕೈಯಾಡಿಸಿದ. ರೇನ್‌ಕೋಟು ಇತ್ತು, ಔಷಧಿ ಹಂಚಿ ಬಂದ ಖಾಲಿ ಚೀಲ ಇತ್ತು. ಬ್ಯಾಟರಿಯ ಕೆಂಪು ದೀಪ ಮಿಣುಕುತ್ತಿತ್ತು. ಚಾರ್ಜರ್ ನಿನ್ನೆಯಿಂದ ಮ್ಹೈಸಾಳದಲ್ಲಿ, ಸೋನಲಳ ಮನೆಯ ಗೋಡೆಗೆ ನೇತಾಡುತ್ತಿರಬೇಕು.

"ಪಪ್ಪಾ, ಕಂಪ್ಯೂಟರ್ ಮೋಸ ಮಾಡಾಕತ್ತೈತಿ!" ಒಳಗಿನಿಂದ ಮಗಳು ಸಂಪದಾ ಕೂಗಿದಳು.

ಪರದೆಯ ತುಂಬ ಕರಿ ಆಕಾಶ. ಅದರಲ್ಲಿ ಅವಳ ನೀಲಿ ಗ್ರಹಗಳು, ಅವುಗಳ ಮೇಲೆ ಏರಿ ಬಂದ ಕಂಪ್ಯೂಟರಿನ ಹಳದಿ ಹಡಗು. ಈ ಆಟದಲ್ಲಿ ಹಡಗು ಹೋಗುವುದು ಎಣ್ಣೆ ಇರುವಷ್ಟೇ ದೂರ. ಅದನ್ನು ಮೀರಬೇಕಾದರೆ ದಾರಿಯಲ್ಲಿ ತನ್ನದೇ ಒಂದು ಕಾಲನಿ ಇರಬೇಕು.

"ಅದರ ಕಾಲನಿ ಎಲ್ಲೋ ಮೂಲ್ಯಾಗ ಐತಿ. ಇಲ್ಲೀತನಕ ಹೆಂಗ ಬಂತು? ರೂಲ್ ನನಗಷ್ಟ ಏನು?"

"ಕಂಪ್ಯೂಟರಿಗೆ ಎಲ್ಲೀ ರೂಲ್, ಮಗಳ. ಮಾಡಿದ್ದೂ ಅದ, ಮುರಿಯೂದೂ ಅದ."

"ಹಂಗಾರ ನಿಮ್ಮ ಸ್ಕೂಟರೂ ಮೋಸ ಮಾಡತೈತೇನು? ನಿನ್ನೆ ದಿನಾ ಪೂರ್ತಿ ತಿರುಗಿ ಬಂದ್ರೂ ಬ್ಯಾಟರಿ ತುಂಬಿತ್ತಲ್ಲ."

ನೀಲೇಶ "ಮಿರಜದಾಗ ಅಂಗಡಿಯವರ ಕಡೆ ಹಾಕಿದ್ದೆ" ಎಂದು ಹೊರಗೆ ಬಂದ.

ಸೋನಲ ಅವನ ಬೆನ್ನಿಗೆ ಬಿದ್ದ ತಂಗಿ. ಜೈನರ ಮನೆಯ ಹುಡುಗಿ, ಮೀನು ಬೇಯಿಸುವ ಮನೆಯ ಹುಡುಗನನ್ನು ಮೆಚ್ಚಿ ಮದುವೆಯಾಗಿ ಹೋದಳು. ಅಂದು ಅವ್ವ ಮಾಣಿಕಬಾಯಿ ಹೊಸ್ತಿಲಲ್ಲಿ ನಿಂತು ಒಂದೇ ಮಾತು ಹೇಳಿದ್ದಳು: "ಆಕಿ ಮನ್ಯಾಗ ನೀರು ಕುಡದವರು ನನ್ನ ಕೈನೀರು ಮುಟ್ಟಬ್ಯಾಡ್ರಿ." ನೀಲೇಶ ಆಗ ತಲೆಯಾಡಿಸಿದ್ದ. ತಂಗಿ ಅವನ ಮುಖ ನೋಡುತ್ತ ನಿಂತಿದ್ದರೂ ಆಡಿಸಿದ್ದ.

ಈಗ ಪ್ರತಿ ಬುಧವಾರ ಮಿರಜದ ಕೆಲಸ ಮುಗಿಸಿ ಕದ್ದು ಮ್ಹೈಸಾಳಕ್ಕೆ ಹೋಗುತ್ತಾನೆ. ತಂಗಿಯ ಮನೆಯಲ್ಲಿ ಚಾರ್ಜರ್ ಸಿಕ್ಕಿಸಿ, ಅವಳ ಕೈಯ ಚಪಾತಿ, ಶೇಂಗಾ ಚಟ್ನಿ ಉಂಡು ಬರುತ್ತಾನೆ. ಸಾಂಗಲಿಯ ಮನೆಗೆ ಬಂದು ಅವ್ವನ ಕೈಯ ನೀರನ್ನೂ ಕುಡಿಯುತ್ತಾನೆ.

ಗುರುವಾರ ಬಂದರೆ ಇನ್ನೂ ಸಂಕಟ. ಅಂದು ಅವ್ವ ಮೊಣಕಾಲು ತೋರಿಸಲು ಮಿರಜದ ದವಾಖಾನೆಗೆ ಹೋಗುತ್ತಾಳೆ. ಹೊರಗೆ ಹನಿ ನೀರು ಮುಟ್ಟುವವಳಲ್ಲ. ಬಟ್ಟೆಯಲ್ಲಿ ಸೋಸಿದ್ದೇ ಆಗಬೇಕು. ಹೊತ್ತು ಮುಳುಗಿದ ಮೇಲೆ ಅನ್ನವಿಲ್ಲ. ಅವಳ ಬಸ್ಸು ಬರುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಬೆಳಗಿನಿಂದ ಹಸಿದ ಜೀವ ತಟ್ಟೆಯತ್ತ ನೋಡದೆ ಹೋಗಿ ಮಲಗುತ್ತದೆ. ಮೊಣಕಾಲೂ ವಾಸಿಯಾಗಿಲ್ಲ. ಇತ್ತ ತಾಯಿ ಉಪವಾಸ, ಅತ್ತ ಅವಳು ದೂರವಿಟ್ಟ ಮಗಳ ಅಡುಗೆ ಉಂಡು ಮಗ ತೇಗುತ್ತಾನೆ. ತನ್ನ ಹೊಟ್ಟೆಯ ಮೇಲೆ ನೀಲೇಶನಿಗೇ ಹೇಸಿಗೆ ಬರುತ್ತಿತ್ತು.

ಇವತ್ತೂ ಗುರುವಾರ. ಅವ್ವ ಇನ್ನೂ ಬಂದಿರಲಿಲ್ಲ. ಗೇಟಿನಾಚೆ ನಿಂತು ಸೋನಲಳಿಗೆ ಫೋನ್ ಹಚ್ಚಿದ.

"ಚಾರ್ಜರ್ ಅಲ್ಲೇ ಉಳದೈತಿ. ಈಗ ಬಸ್ ಹತ್ತಿ ಬರತೇನಿ."

"ಗುರುವಾರ ಬರಬ್ಯಾಡಂತ ಎಷ್ಟ ಸಲ ಹೇಳಬೇಕೋ ದಾದಾ? ನಮ್ಮನಿಗೆ ಮಂದಿ ಬರತಾರ."

"ನಿಮ್ಮ ಅತ್ತಿ ಕಡೆಯವರೇನು? ಬಾಗಲದಾಗ ನಿಂತ ಇಸಗೊಂಡ ಹೋಗತೇನಿ."

"ಬ್ಯಾಡ. ನಿನ್ನ ಚಾರ್ಜರ್ ನಿನಗ ಮುಟ್ಟತೈತಿ. ಚಿಂತಿ ಬಿಡು." ಫೋನ್ ಇಟ್ಟಳು.

ಹೆಂಗ ಮುಟ್ಟತೈತಿ? ನಿನ್ನೆಯೂ ಹೀಗೇ ಅರ್ಧ ಮಾತು. ಅವಳ ನಳಕ್ಕೆ ಬಿಳಿ ಬಟ್ಟೆ ಕಟ್ಟಿದ್ದು, ಹಿತ್ತಲಲ್ಲಿ ಬೇರೆಯದೇ ಒಂದು ಒಲೆ, ಬೋರಲು ಹಾಕಿದ ಪಾತ್ರೆ ಕಂಡು, "ನೀರು ಸೋಸೂದು ಇನ್ನೂ ಬಿಟ್ಟಿಲ್ಲೇನು?" ಎಂದು ಕೇಳಿದ್ದ. "ನಾ ಬಿಟ್ಟರ ಅದು ಬಿಡತೈತೇನು?" ಎಂದು ನಕ್ಕು ಇನ್ನೊಂದು ಚಪಾತಿ ಹಾಕಿದ್ದಳು.

ಹೊತ್ತು ಮುಳುಗಿತು. ಹೆಂಡತಿ ವೃಷಾಲಿ ಅತ್ತೆಯ ತಟ್ಟೆ ಮುಚ್ಚಿಟ್ಟಳು. ನೀಲೇಶ ಆ ತಟ್ಟೆಯನ್ನೇ ನೋಡುತ್ತ ಕುಳಿತ. ಸಾಕು, ಇವತ್ತು ಹೇಳಿಬಿಡಬೇಕು ಎನ್ನಿಸಿತು. ಅವ್ವ ಹೊರಗೆ ಹಾಕಿದರೂ ಸರಿ.

ಅವ್ವ ಬಂದಳು. ಕಾಲು ತೊಳೆದು, ಚೀಲ ತೊಡೆಯ ಮೇಲಿಟ್ಟುಕೊಂಡು ಕಟ್ಟೆಗೆ ಒರಗಿ ಕುಳಿತಳು.

"ಊಟ ಇಲ್ಲದ ಹಂಗ ಮಲಗಬ್ಯಾಡ್ರಿ, ಹಾಲರೆ..." ವೃಷಾಲಿ ಅಂದಳು.

"ಹೊತ್ತು ಮುಳಗೇತಿ. ನನಗ ಹಸಿವೂ ಇಲ್ಲ."

"ಬಘಾ, ನೋಡ್ರಿ ಪಪ್ಪಾ!" ಹುರುಪು ಬಂದರೆ ಸಂಪದಾಳಿಗೆ ಮರಾಠಿಯೇ ಮೊದಲು ಬರುವುದು. "ಕಂಪ್ಯೂಟರ್ ಮೋಸ ಮಾಡಿಲ್ಲ! ರೂಲ್ ಅದಕ್ಕೂ ಐತಿ. ನನಗ ಕಾಣದ ಕತ್ತಲದಾಗ ಅದರದೊಂದು ಸಣ್ಣ ಕಾಲನಿ ಇತ್ತು. ಅಲ್ಲಿ ಎಣ್ಣಿ ತುಂಬಿಸಿಕೊಂಡ ಬರತಿತ್ತು. ತನ್ನವರ ಕಡೆ ಅಷ್ಟ ಎಣ್ಣಿ ಸಿಗತೈತಿ, ಬ್ಯಾರೇದವರ ಕಡೆ ಇಲ್ಲ."

ಮಗು ತನ್ನ ಗುಟ್ಟನ್ನೇ ಓದಿ ಹೇಳಿದ ಹಾಗಾಯಿತು. ನೀಲೇಶ ಎದ್ದು ಅವ್ವನ ಮುಂದೆ ಕುಕ್ಕರಗಾಲಲ್ಲಿ ಕುಳಿತ.

"ಅವ್ವಾ, ನಾ... ಸೋನಲಳ ಮನ್ಯಾಗ ನೀರು ಕುಡದೇನಿ."

ವೃಷಾಲಿಯ ಕೈಯಲ್ಲಿದ್ದ ಲೋಟ ನೆಲಕ್ಕೆ ತಾಗಿ ಸದ್ದಾಯಿತು. ಅವ್ವ ತೊಡೆಯ ಮೇಲಿನ ಚೀಲದ ಬಾಯಿ ಬಿಚ್ಚಿದಳು.

"ಬರೇ ನೀರೇನು?"

ಅವನು ತಲೆ ತಗ್ಗಿಸಿದ. ಅವ್ವ ಚೀಲಕ್ಕೆ ಕೈ ಹಾಕಿದಳು. ದವಾಖಾನೆಯ ಚೀಟಿಯಲ್ಲ, ಬಿಳಿ ಬಟ್ಟೆಯಲ್ಲಿ ಸುತ್ತಿದ ಒಂದು ಗಂಟು ತೆಗೆದು ಅವನ ಮುಂದಿಟ್ಟಳು. ಗಂಟಿನ ಬಾಯಿಂದ ಕರಿ ವೈರು ಇಣುಕುತ್ತಿತ್ತು.

"ಬುಧವಾರದ ಮಂದಿ ಮರತ ಬಂದದ್ದನ್ನ ಗುರುವಾರದ ಮಂದಿ ಹೊರಬೇಕಾತು ನೋಡು."